ಷಡ್ಡಕರ ಸಮುದ್ರದ ಗಾಳಿ

ಸಂಕ್ರಾಂತಿಗೆಂದು ನಮ್ಮ ಮನೆಗೆ ಬಂದಿದ್ದ ಷಡ್ಡಕರ ಕೋಣೆಯಿಂದ ರಾತ್ರಿ ಹನ್ನೊಂದರ ಹೊತ್ತಿಗೆ ಸೀಲಿಂಗ್ ಫ್ಯಾನು ತಿರುಗುವ ಸದ್ದು ಕೇಳಿಬಂದಾಗ, ದೀಪ ಆರಿಸಲು ಹೋಗಿ ಬೇರೆ ಸ್ವಿಚ್ಚು ಒತ್ತಿದ್ದಾರೆಂದೇ ನಾನು ಭಾವಿಸಿದೆ. ಕೋಲಾರದ ಜನವರಿಯ ಇರುಳು ಹೇಗಿರುತ್ತದೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂತರಗಂಗೆಯ ಬೆಟ್ಟದ ಕಡೆಯಿಂದ ಬರುವ ಚಳಿ ಬಾಗಿಲ ಸಂದಿಯಲ್ಲಿ ನುಸುಳಿ, ನೆಲಕ್ಕೆ ಕಾಲಿಡಲಾಗದಂತೆ ಮಾಡಿಬಿಟ್ಟಿರುತ್ತದೆ. ನಮ್ಮ ಮನೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಫ್ಯಾನುಗಳಿಗೆ ರಜೆ. ಬಾಗಿಲ ಬಳಿ ಹೋಗಿ ಮೆಲ್ಲಗೆ ವಿಚಾರಿಸಿದರೆ, ಒಳಗಿನಿಂದ, ಎರಡು ರಗ್ಗುಗಳ ಅಡಿಯಿಂದ, "ಇರ್ಲಿ ಬಿಡಿ ಇವ್ರೇ, ಫ್ಯಾನಿನ ಸದ್ದಿಲ್ಲದಿದ್ರೆ ನಂಗೆ ನಿದ್ದೆ ಹತ್ತಲ್ಲ" ಎಂಬ ಉತ್ತರ ಬಂತು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಪಕ್ಕದ ಕೋಣೆಯಲ್ಲಿ ಒಬ್ಬ ಮನುಷ್ಯ ಚಳಿಯನ್ನು ಉತ್ಪಾದಿಸಿ, ಅದನ್ನು ನನ್ನದೇ ರಗ್ಗುಗಳಿಂದ ತಡೆದುಕೊಳ್ಳುತ್ತಿದ್ದಾನೆಂಬ ಅರಿವು ನಿದ್ದೆಗೆ ಅನುಕೂಲವಾದುದಲ್ಲ.

ಮರುದಿನ ಬೆಳಗ್ಗೆ ಅದೇ ಮನುಷ್ಯ ಕಿವಿಗೆ ಮಫ್ಲರು ಸುತ್ತಿಕೊಂಡು, ಕಾಫಿಯ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು, ಅನೇಕ ವರ್ಷಗಳಿಂದ ಹೇಳುತ್ತ ಬಂದ ಮಾತನ್ನು ಮತ್ತೆ ಹೇಳಿದರು: "ನೀವೇನೇ ಅನ್ನಿ, ಹವಾ ಅಂದ್ರೆ ನಮ್ಮ ಚೆನ್ನೈದು. ವರ್ಷಪೂರ್ತಿ ಹಿತ." ಈ ವಾದವನ್ನು ಇನ್ನು ಮುಂದಿನ ಹಬ್ಬಕ್ಕೆ ಸಾಗಹಾಕದೆ ಬರವಣಿಗೆಯಲ್ಲಿಯೇ ಒಮ್ಮೆ ಇತ್ಯರ್ಥ ಮಾಡಿಬಿಡಬೇಕೆಂದು ನಾನು ನಿಶ್ಚಯಿಸಿದ್ದು ಆಗಲೇ.

ಅವರು ನನ್ನ ಹೆಂಡತಿಯ ಅಕ್ಕನ ಯಜಮಾನರು. ಅವಳು ‘ಭಾವ’ ಎನ್ನುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಹುಟ್ಟಿದ್ದು ಮುಳಬಾಗಿಲಿನ ಹತ್ತಿರ. ಬ್ಯಾಂಕಿನ ಕೆಲಸ ಅವರನ್ನು ಯೌವನದಲ್ಲಿಯೇ ಮದರಾಸಿಗೆ ಒಯ್ದಿತು. ನಿವೃತ್ತರಾದ ಮೇಲೂ ಅವರು ಊರಿಗೆ ಮರಳದೆ, ತಿರುವಾನ್ಮಿಯೂರಿನಲ್ಲಿ ಸಮುದ್ರಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಫ್ಲ್ಯಾಟು ಕೊಂಡರು. ಹುಟ್ಟೂರಿನ ಬಗ್ಗೆ ಅವರಿಗೆ ಪ್ರೀತಿಯಿದೆ, ಸೇರಿದ ಊರಿನ ಬಗ್ಗೆ ನಿಷ್ಠೆಯಿದೆ, ಮತ್ತು ನಿಷ್ಠೆ ಯಾವಾಗಲೂ ಪ್ರೀತಿಗಿಂತ ಹೆಚ್ಚು ಮಾತನಾಡುತ್ತದೆ. ಚೆನ್ನೈಯಲ್ಲಿಯೇ ಹುಟ್ಟಿ ಬೆಳೆದ ತಮಿಳರಲ್ಲಿ ಆ ಊರಿನ ಹವೆಯನ್ನು ಹೊಗಳುವವರನ್ನು ನಾನು ಈವರೆಗೆ ಕಂಡಿಲ್ಲ. ಅಲ್ಲಿ ಮೂರೇ ಋತುಗಳು, ಬಿಸಿ, ಹೆಚ್ಚು ಬಿಸಿ, ಅತಿ ಬಿಸಿ ಎಂಬ ಹಳೆಯ ಹಾಸ್ಯವನ್ನು ನನಗೆ ಹೇಳಿಕೊಟ್ಟವರೇ ಅವರ ಪಕ್ಕದ ಮನೆಯವರು.

ಭಾವನವರ ವಾದದಲ್ಲಿ ಹುರುಳಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ನೀರು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ಸಮುದ್ರದ ಮಗ್ಗುಲಿನ ಊರಿನಲ್ಲಿ ಹಗಲಿಗೂ ಇರುಳಿಗೂ, ಬೇಸಿಗೆಗೂ ಚಳಿಗಾಲಕ್ಕೂ ನಡುವಿನ ಅಂತರ ಕಡಿಮೆ. ಚೆನ್ನೈಯ ದಾಖಲೆಗಳಲ್ಲಿ ಸಿಗುವ ಅತ್ಯಂತ ಕನಿಷ್ಠ ಉಷ್ಣತೆ 13.9 ಡಿಗ್ರಿ ಸೆಲ್ಷಿಯಸ್; ಅದಕ್ಕಿಂತ ತಣ್ಣಗಿನ ಬೆಳಗುಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಕೋಲಾರಕ್ಕೆ ಅಪರೂಪವೇನಲ್ಲ. ಹೀಗಾಗಿ ಅವರ ಬೀರುವಿನಲ್ಲಿ ಸ್ವೆಟರಿಲ್ಲ, ಮಂಡಿಯಲ್ಲಿ ನೋವಿಲ್ಲ, ತುಟಿ ಒಡೆಯುವುದಿಲ್ಲ, ಹಿಮ್ಮಡಿ ಬಿರಿಯುವುದಿಲ್ಲ. ಮಧ್ಯಾಹ್ನವಾಗುತ್ತಲೇ ಕಾದ ನೆಲದ ಮೇಲಿನ ಗಾಳಿ ಮೇಲಕ್ಕೇರುತ್ತದೆ, ಅದರ ಜಾಗಕ್ಕೆ ಕಡಲಿನ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಈ ‘ಕಡಲ್ ಕಾತ್ತು’ ಎಂಬುದನ್ನು ಉಚ್ಚರಿಸುವಾಗ ಭಾವನವರು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಮಾರ್ಗಳಿ ತಿಂಗಳಿನಲ್ಲಿ, ಎಂದರೆ ನಮ್ಮ ಧನುರ್ಮಾಸದಲ್ಲಿ, ಮೈಲಾಪುರದ ಸಭೆಗಳಲ್ಲಿ ಕಚೇರಿ ಕೇಳಿ, ಕ್ಯಾಂಟೀನಿನಲ್ಲಿ ತಿಂಡಿ ತಿಂದು, ರಾತ್ರಿ ನಡೆದು ಮನೆಗೆ ಮರಳುವ ಸುಖವನ್ನು ಅವರು ವರ್ಣಿಸುವಾಗ ನನಗೂ ಅಸೂಯೆಯಾಗುತ್ತದೆ.

ಆದರೆ ಅವರು ಹೇಳುವುದು ಡಿಸೆಂಬರ್ ಎಂದಲ್ಲವಲ್ಲ, ವರ್ಷಪೂರ್ತಿ ಎಂದು. ಆ ಒಂದು ವಿಶೇಷಣಕ್ಕಾಗಿ ನಾನು ಚರಿತ್ರೆಯನ್ನು ಸಾಕ್ಷಿಗೆ ಕರೆದೆ. ಹವೆ ಅಷ್ಟು ಹಿತವಾಗಿದ್ದರೆ ಮದರಾಸು ಪ್ರಾಂತ್ಯದ ಗವರ್ನರರು ಬೇಸಿಗೆ ಬಂತೆಂದರೆ ಕಡತ, ಗುಮಾಸ್ತ, ಅಡುಗೆಯವರ ಸಮೇತ ಇಡೀ ಸರ್ಕಾರವನ್ನೇ ಕಟ್ಟಿಕೊಂಡು ಉದಕಮಂಡಲಕ್ಕೆ ಓಡುತ್ತಿದ್ದುದೇಕೆ? ಅದು ಹೋಗಲಿ, ಮರೀನಾದ ಎದುರಿಗೆ ಇಂದು ವಿವೇಕಾನಂದರ್ ಇಲ್ಲಂ ಎಂದು ಕರೆಸಿಕೊಳ್ಳುವ, 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ದುಂಡನೆಯ ಕಟ್ಟಡವನ್ನು 1842ರಲ್ಲಿ ಕಟ್ಟಿದ್ದು ಯಾವುದಕ್ಕಾಗಿ? ಮಂಜುಗಡ್ಡೆಯ ದಾಸ್ತಾನಿಗಾಗಿ. ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ತನ್ನ ಸೀಮೆಯ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಮಂಜನ್ನು ದಿಮ್ಮಿಗಳಾಗಿ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಾಯಿಹಡಗಿನಲ್ಲಿ ಆಫ್ರಿಕಾವನ್ನು ಬಳಸಿ ತಿಂಗಳುಗಟ್ಟಲೆ ಪ್ರಯಾಣ ಮಾಡಿಸಿ ಮದರಾಸಿಗೆ ಕಳಿಸುತ್ತಿದ್ದ. ದಾರಿಯಲ್ಲಿ ಕರಗಿದ್ದು ಕರಗಿ ಉಳಿದದ್ದನ್ನು ಮಾರಿದರೂ ಅವನಿಗೆ ಲಾಭ ಸಿಗುತ್ತಿತ್ತೆಂದ ಮೇಲೆ, ಕೊಳ್ಳುವವರ ಸೆಕೆ ಯಾವ ಮಟ್ಟದ್ದಿರಬೇಕು? ವರ್ಷಪೂರ್ತಿ ಹಿತವಾಗಿರುವ ಊರಿಗೆ ಅರ್ಧ ಭೂಮಂಡಲ ಸುತ್ತಿಸಿ ಮಂಜುಗಡ್ಡೆ ತರಿಸುವ ದರ್ದೇನಿತ್ತು?

"ಅವ್ರು ಬಿಳಿಯರು ಕಣ್ರೀ" ಎಂದರು ಭಾವ. "ಉಣ್ಣೆ ಕೋಟು ಹಾಕ್ಕೊಂಡು ಮರೀನಾದಲ್ಲಿ ನಿಂತ್ರೆ ಯಾರಿಗಾದ್ರೂ ಸೆಕೆ ಆಗತ್ತೆ. ನಿಮ್ಮ ಕಬ್ಬನ್ ಸಾಹೇಬರಿಗೆ ಬೆಂಗಳೂರಿನ ಹವಾನೇ ಸಾಲದೆ ನಂದಿ ಬೆಟ್ಟದ ಮೇಲೆ ಮನೆ ಕಟ್ಟಿಸಿಕೊಳ್ಳಲಿಲ್ವಾ?" ಇದು ನಿಜವಾದುದರಿಂದ ನಾನು ಕಾಫಿಗೆ ಇನ್ನಷ್ಟು ಸಕ್ಕರೆ ಹಾಕಿಕೊಂಡೆ.

ಆಮೇಲೆ ಮೊಬೈಲುಗಳು ಹೊರಬಂದವು. ಈಗಿನ ಕಾಲದಲ್ಲಿ ಇಬ್ಬರು ವಯಸ್ಕರು ಹವೆಯ ಬಗ್ಗೆ ಮಾತನಾಡುವಾಗ ಕಿಟಕಿಯ ಹೊರಗೆ ನೋಡುವುದನ್ನು ಬಿಟ್ಟು ಅಂಗೈಯನ್ನು ನೋಡುತ್ತಾರೆ. ಇದು ನನ್ನನ್ನು ರೇಗಿಸುವಷ್ಟು ಇನ್ನಾವುದೂ ರೇಗಿಸುವುದಿಲ್ಲ. ಅಂಗೈಯ ಯಂತ್ರ ಒಂದು ಉಷ್ಣತೆಯನ್ನು ತೋರಿಸಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದನ್ನು, ‘ಹೀಗೆ ಅನಿಸುತ್ತದೆ’ ಎಂಬ ಉಷ್ಣತೆಯನ್ನು ತೋರಿಸುತ್ತದೆ. ನನಗೆ ಏನು ಅನಿಸುತ್ತಿದೆ ಎಂಬುದನ್ನು ನನಗೇ ತಿಳಿಸಲು ಬರುವ ಈ ಅಧಿಕಪ್ರಸಂಗವನ್ನು ಜನ ಹೇಗೆ ಸಹಿಸುತ್ತಾರೋ ತಿಳಿಯದು. ಭಾವನವರಂತೂ ತಮಗೆ ಅನುಕೂಲವಾದಾಗ ಮೇಲಿನ ಅಂಕಿಯನ್ನೂ, ಕೋಲಾರದ ಚಳಿಯನ್ನು ಹೀಗಳೆಯಬೇಕಾದಾಗ ಕೆಳಗಿನ ಅಂಕಿಯನ್ನೂ ಓದುತ್ತಾರೆ. ಹವಾಮಾನ ಇಲಾಖೆಯವರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ಬಿಸಿಗಾಳಿಯೆಂದು ಘೋಷಿಸುವ ಮಾತನ್ನೇ ಎತ್ತಬೇಕಾದರೆ ಬಯಲು ಸೀಮೆಯಲ್ಲಿ ಉಷ್ಣತೆ 40 ಡಿಗ್ರಿಯನ್ನಾದರೂ ಮುಟ್ಟಬೇಕು, ಕರಾವಳಿಗೆ 37 ಸಾಕು ಎಂಬುದು ಅವರ ನಿಯಮ. ಕಡಲ ಬದಿಯ ಡಿಗ್ರಿಗೂ ಬಯಲಿನ ಡಿಗ್ರಿಗೂ ಬೆಲೆ ಒಂದೇ ಅಲ್ಲವೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಭಾವನವರು ಇದಕ್ಕೆ, "ನಮಗೆ ಕಾಳಜಿ ಜಾಸ್ತಿ ತೋರಿಸ್ತಾರೆ" ಎಂದರು.

ಇಲ್ಲಿ ನಾನು ನನ್ನ ದೊಡ್ಡಪ್ಪನನ್ನು ಕರೆತರಬೇಕಾಗಿದೆ. ಹವೆ ಹಿತವೋ ಅಹಿತವೋ ಎಂಬುದನ್ನು ಸಂಬಳ ಪಡೆದು ನಿರ್ಧರಿಸುತ್ತಿದ್ದವನು ನಮ್ಮ ವಂಶದಲ್ಲಿ ಅವನೊಬ್ಬನೇ.

ದೊಡ್ಡಪ್ಪ ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ, ಗಾಳಿಯ ವಿಭಾಗದವನಾಗಿದ್ದ. ಚಿನ್ನದ ಗಣಿಯಲ್ಲಿ ಗಾಳಿಗೊಂದು ವಿಭಾಗವೇ ಎಂದು ಕೇಳಬಾರದು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಗಣಿಯಲ್ಲಿ ಚಿನ್ನವಿಲ್ಲದೆ ಒಂದು ಪಾಳಿ ಕಳೆಯಬಹುದು, ಗಾಳಿಯಿಲ್ಲದೆ ಆಗದು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿಯನ್ನು ಮೀರಿರುತ್ತಿತ್ತು. ಮೇಲಿನಿಂದ ಒಳ್ಳೆಯ ತಂಪುಗಾಳಿಯನ್ನೇ ನೂಕಿದರೂ ಅದು ಇಳಿಯುತ್ತ ಇಳಿಯುತ್ತ ತನ್ನ ಮೇಲಿನ ಗಾಳಿಯ ಭಾರಕ್ಕೆ ಅದುಮಿಕೊಂಡು, ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಾನಾಗಿಯೇ ಕಾಯುತ್ತದೆ. ಅದಕ್ಕಾಗಿ ನೆಲದ ಮೇಲೆಯೇ ಗಾಳಿಯನ್ನು ಯಂತ್ರದಿಂದ ತಣಿಸಿ ಒಳಗೆ ಬಿಡುತ್ತಿದ್ದರು. ಕೋಲಾರದ ಮನೆಗಳು ಏಸಿ ಎಂಬುದನ್ನು ಕೇಳುವುದಕ್ಕೆ ಎಷ್ಟೋ ಮೊದಲೇ ಕೋಲಾರದ ಪಾತಾಳಕ್ಕೆ ಅದರ ಪರಿಚಯವಾಗಿತ್ತು.

ಆದರೆ ದೊಡ್ಡಪ್ಪನಿಗೆ ಬಿಸಿಯ ಬಗ್ಗೆ ಅಷ್ಟಾಗಿ ದೂರಿರಲಿಲ್ಲ. ಅವನ ದೂರೆಲ್ಲ ತೇವದ ಮೇಲೆ. ಬಂಡೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶವನ್ನು ತಿಂದುಹಾಕುತ್ತದೆಂದು ಕೊರೆಯುವ ಬಾಯಿಗೆ ನೀರು ಬಿಡುತ್ತಿದ್ದರು. ಧೂಳು ಕುಳಿತುಕೊಳ್ಳುತ್ತಿತ್ತು, ನೀರು ಆವಿಯಾಗಿ ಗಾಳಿಯೊಳಗೆ ಸೇರುತ್ತಿತ್ತು. ಉಸಿರು ಉಳಿಸಲು ಬಿಟ್ಟ ನೀರು ಬೆವರನ್ನು ಆರಗೊಡುತ್ತಿರಲಿಲ್ಲ. "ಬೆವರು ಬಂದ್ರೆ ಸಾಲ್ದು ಕಣೋ, ಹೋಗ್ಬೇಕು" ಎನ್ನುತ್ತಿದ್ದ ದೊಡ್ಡಪ್ಪ. ಮೈಯ ಬಿಸಿಯನ್ನು ಒಯ್ಯುವುದು ಆವಿಯಾಗಿ ಹಾರಿಹೋಗುವ ಬೆವರೇ ಹೊರತು ಬೆನ್ನ ಮೇಲೆ ಹರಿಯುವ ಬೆವರಲ್ಲ. ಗಾಳಿ ಮೊದಲೇ ನೀರು ಕುಡಿದು ತುಂಬಿಕೊಂಡಿದ್ದರೆ ಅದು ನಿಮ್ಮ ಬೆವರನ್ನು ಮುಟ್ಟುವುದಿಲ್ಲ.

ಇದನ್ನು ಅಳೆಯಲು ಅವನ ಬಳಿ ಒಂದು ಉಪಕರಣವಿತ್ತು. ಒಂದು ಮರದ ಚೌಕಟ್ಟಿನಲ್ಲಿ ಅಕ್ಕಪಕ್ಕದಲ್ಲಿ ಎರಡು ಥರ್ಮಾಮೀಟರುಗಳು. ಒಂದರ ಬುಡ ಬರಿದು, ಇನ್ನೊಂದರ ಬುಡಕ್ಕೆ ಒದ್ದೆ ಮಲ್ಲು ಬಟ್ಟೆಯ ತುಂಡು. ಹಿಡಿ ಹಿಡಿದು ಜಾತ್ರೆಯ ಗಿರಿಗಿಟ್ಟಲೆಯಂತೆ ಅದನ್ನು ಗರಗರನೆ ತಿರುಗಿಸಬೇಕು. ಬಟ್ಟೆಯ ನೀರು ಆರಿದಷ್ಟೂ ಆ ಥರ್ಮಾಮೀಟರಿನ ಪಾದರಸ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದ್ದರೆ ಗಾಳಿ ಒಣಗಿದೆ, ಬೆವರು ಆರುತ್ತದೆ, ಮನುಷ್ಯ ಬದುಕುತ್ತಾನೆ. ಅಂತರ ಕಡಿಮೆಯಾಗುತ್ತ ಬಂದರೆ ಜನರನ್ನು ಮೇಲೆ ಕಳಿಸುವ ಯೋಚನೆ ಮಾಡಬೇಕು. ಗಣಿಗಳ ಕಾನೂನಿನಲ್ಲಿ ಇದಕ್ಕೆ ಅಂಕಿಗಳೇ ಇವೆ. ಕೆಲಸದ ಜಾಗದಲ್ಲಿ ಒದ್ದೆ ಥರ್ಮಾಮೀಟರು 33.5 ಡಿಗ್ರಿಯನ್ನು ಮೀರಕೂಡದು, 30.5 ದಾಟಿತೆಂದರೆ ಅಲ್ಲಿ ಗಾಳಿ ಸೆಕೆಂಡಿಗೆ ಒಂದು ಮೀಟರಿನ ವೇಗದಲ್ಲಾದರೂ ಚಲಿಸುತ್ತಿರಬೇಕು. ಈ ಎರಡು ಅಂಕಿಗಳನ್ನು ದೊಡ್ಡಪ್ಪ ತನ್ನ ಮಕ್ಕಳ ಹುಟ್ಟಿದ ದಿನಗಳಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದ.

ನಿವೃತ್ತನಾದ ಮೇಲೂ ಅವನ ಈ ಚಾಳಿ ಬಿಡಲಿಲ್ಲ. ಮದುವೆ ಛತ್ರಗಳಲ್ಲಿ ಊಟದ ಪಂಕ್ತಿಯ ನಡುವೆ ನಿಂತು ಉಪಕರಣ ತಿರುಗಿಸಿ, "ಇಲ್ಲಿ ಇನ್ನೊಂದು ಪಂಕ್ತಿ ಕೂರಿಸಬೇಡಿ" ಎಂದು ಬೀಗರಿಗೆ ಎಚ್ಚರಿಕೆ ಕೊಡುತ್ತಿದ್ದ. ಅಡುಗೆಮನೆಯಲ್ಲಿ ಇಡ್ಲಿ ಬೇಯುವಾಗ ತಿರುಗಿಸಿ ನೋಡಿ ದೊಡ್ಡಮ್ಮನನ್ನು ಹೊರಗೆ ಕರೆದು ಕೂರಿಸಿದ್ದುಂಟು. ಆ ದಿನ ಇಡ್ಲಿ ಹೆಚ್ಚು ಬೆಂದು ಗಟ್ಟಿಯಾಯಿತೆಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು. ಒಮ್ಮೆ ತಮ್ಮ ಬೀದಿಯ ಚಿತ್ರಮಂದಿರಕ್ಕೆ ಅದನ್ನು ಒಯ್ದು, ಮಧ್ಯಂತರದಲ್ಲಿ ತಿರುಗಿಸಿ, ಅಲ್ಲಿಯ ಗಾಳಿ ಗಣಿಯ ಕೆಳಮಟ್ಟಕ್ಕಿಂತ ಕೆಟ್ಟದ್ದೆಂದು ಮ್ಯಾನೇಜರನಿಗೆ ಲಿಖಿತವಾಗಿ ಕೊಟ್ಟ. ಮ್ಯಾನೇಜರು ತಮಿಳಿನಲ್ಲಿ ಏನು ಹೇಳಿದನೆಂಬುದನ್ನು ದೊಡ್ಡಪ್ಪ ನಮಗೆ ಯಾವತ್ತೂ ಪೂರ್ತಿ ಹೇಳಲಿಲ್ಲ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದಾಗ, ಇನ್ನು ಕೆಳಗೆ ಅಳೆಯುವವರಾರೆಂಬ ಚಿಂತೆ ಅವನನ್ನು ಹಿಡಿಯಿತು. ಅಳೆಯುವ ಅಗತ್ಯವೇ ಇಲ್ಲವೆಂದು ಹೇಳಿದರೆ, "ಗಾಳಿ ಅಲ್ಲೇ ಇರತ್ತಲ್ಲೋ" ಎಂದು ಸಿಟ್ಟಾಗುತ್ತಿದ್ದ. ಅವನು ಹೋದ ಮೇಲೆ ಉಪಕರಣ ನನ್ನ ಪಾಲಿಗೆ ಬಂತು. ಜಮೀನು ಬಂದಿದ್ದರೆ ಒಳ್ಳೆಯದಿತ್ತೆಂದು ನನ್ನ ಹೆಂಡತಿಯ ಅಭಿಪ್ರಾಯ.

ಭಾವನವರ ಮೊಮ್ಮಗನ ನಾಮಕರಣಕ್ಕೆಂದು ಜೂನ್ ಮೊದಲ ವಾರದಲ್ಲಿ ಚೆನ್ನೈಗೆ ಹೊರಟಾಗ ಅದನ್ನು ಟವೆಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟುಕೊಂಡೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗ ಮೈಗೆ ಹಿತವಾಗಿದ್ದ ಗಾಳಿ ಕುಪ್ಪಂ ದಾಟಿ ಜೋಲಾರಪೇಟೆಯತ್ತ ಇಳಿಯುತ್ತಿದ್ದಂತೆ ಬೇರೆಯ ಸ್ವಭಾವ ತಾಳಿತು. ಘಟ್ಟ ಇಳಿಯುವುದೆಂದರೇನೆಂಬುದು ಈ ದಾರಿಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ಕತ್ತಿನ ಹಿಂಭಾಗಕ್ಕೆ ತಿಳಿಯುತ್ತದೆ. ತಿರುವಾನ್ಮಿಯೂರು ತಲುಪಿದಾಗ ಹನ್ನೊಂದು ಗಂಟೆ. "ಹನ್ನೆರಡಕ್ಕೆಲ್ಲ ಗಾಳಿ ಬರತ್ತೆ, ಇರಿ" ಎಂದರು ಭಾವ. ಹನ್ನೆರಡಾಯಿತು, ಒಂದಾಯಿತು, ಎರಡೂ ಆಯಿತು. ಪುರೋಹಿತರ ಅಂಗವಸ್ತ್ರದ ಬಣ್ಣ ಬದಲಾಯಿತು. ಮಗು ಅಳುವುದನ್ನು ಬಿಟ್ಟು ಸುಮ್ಮನೆ ಎಲ್ಲರನ್ನೂ ನೋಡತೊಡಗಿತು. ಜೂನ್ ತಿಂಗಳಲ್ಲಿ ಪಶ್ಚಿಮದ ಗಾಳಿ ಬಲವಾಗಿದ್ದರೆ ಅದು ನೆಲದ ಬಿಸಿಯನ್ನೆಲ್ಲ ಹೊತ್ತುಕೊಂಡು ಕಡಲಿನ ಕಡೆಗೆ ಬೀಸುತ್ತದೆ. ಸಮುದ್ರದ ಗಾಳಿ ಹೊರಗೆ ನೀರಿನ ಮೇಲೆಯೇ ನಿಂತಿರಬೇಕಾಗುತ್ತದೆ, ಒಳಗೆ ಪಾದರಸ ಏರುತ್ತಲೇ ಇರುತ್ತದೆ. ಚೆನ್ನೈಯ ಅತ್ಯಧಿಕ ಉಷ್ಣತೆಯಾದ 45 ಡಿಗ್ರಿ ದಾಖಲಾದದ್ದು 2003ರ ಮೇ ಕೊನೆಯ ದಿನ, ಹೆಚ್ಚು ಕಡಿಮೆ ಈ ನಾಮಕರಣದ ಋತುವಿನಲ್ಲಿಯೇ.

ಗಾಳಿ ಬಂದದ್ದು ನಾಲ್ಕರ ಮೇಲೆ. ಬಂದದ್ದು ನಿಜ, ಅದು ಸೊಗಸಾಗಿತ್ತೆಂಬುದೂ ನಿಜ. ಸಂಜೆ ನಾನು ಉಪಕರಣವನ್ನು ಹಿಡಿದು ಮಹಡಿಗೆ ಹೋಗಿ ತಿರುಗಿಸಿದೆ. ಬರಿಯ ಥರ್ಮಾಮೀಟರು 32 ತೋರಿಸಿತು, ಒದ್ದೆಯದು 28. ಕೋಲಾರದಲ್ಲಿ ಅದೇ ಬೇಸಿಗೆಯ ಒಂದು ಉರಿಮಧ್ಯಾಹ್ನ ನಮ್ಮ ಹಿತ್ತಲಿನ ಹುಣಸೆಮರದ ನೆರಳಲ್ಲಿ ತಿರುಗಿಸಿದಾಗ ಸಿಕ್ಕಿದ್ದು 36 ಮತ್ತು 23. ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ನಾನು ಭಾವನವರ ಮುಂದಿಟ್ಟೆ. ಕೋಲಾರದ 36ರಲ್ಲಿ ಬೆವರು ಹುಟ್ಟುವುದು ಗೊತ್ತಾಗುವುದಿಲ್ಲ, ನಿಮ್ಮ 32ರಲ್ಲಿ ಅದು ಹೋಗುವುದು ಗೊತ್ತಾಗುವುದಿಲ್ಲ ಎಂದು ವಿವರಿಸಿದೆ. ಅವರು ಬ್ಯಾಂಕಿನವರು, ಚೀಟಿಯನ್ನು ಎರಡು ಸಲ ಓದಿ, ಗಣಿಯ ಮಿತಿ ಎಷ್ಟೆಂದು ಕೇಳಿದರು. 33.5 ಎಂದೆ. "ಮತ್ತೆ 28 ಅಂದ್ರೆ ಬೇಕಾದಷ್ಟು ಕೆಳಗೇ ಇದೀವಲ್ಲ" ಎಂದು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಅವರು, ಚೆನ್ನೈಯ ಹವೆ ಸರ್ಕಾರಿ ನಿಯಮದ ಪ್ರಕಾರವೂ ಉತ್ತಮವೆಂದು ನನ್ನ ದೊಡ್ಡಪ್ಪನ ಹೆಸರಿನಲ್ಲಿಯೇ ಎಲ್ಲರಿಗೂ ಹೇಳುತ್ತಿದ್ದಾರೆ. ಅವರ ಊರಿನಲ್ಲಿ ಕಾನೂನುಬದ್ಧವಾಗಿ ಬಂಡೆ ಕೊರೆಯಬಹುದೆಂದಷ್ಟೇ ಅದರ ಅರ್ಥ ಎಂಬ ನನ್ನ ತಿದ್ದುಪಡಿಗೆ ಯಾರೂ ಕಿವಿಗೊಡುವುದಿಲ್ಲ.

ಇನ್ನು ವಿಜ್ಞಾನದಿಂದ ಪ್ರಯೋಜನವಿಲ್ಲವೆಂದು ಮನಗಂಡು, ಈ ಸಂಕ್ರಾಂತಿಯ ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆಯನ್ನು ನಡುವೆ ಇಟ್ಟುಕೊಂಡು, ನಾನು ಅವರನ್ನು ತಿಂಗಳಿನ ಪ್ರಕಾರ ವಿಚಾರಣೆ ಮಾಡಿದೆ. ವರ್ಷಪೂರ್ತಿ ಎಂಬುದನ್ನು ಬಿಡಿಸಿದರೆ ಹನ್ನೆರಡು ತಿಂಗಳು ಸಿಗಬೇಕಷ್ಟೆ?

ಜನವರಿ, ಫೆಬ್ರವರಿಗಳ ಬಗ್ಗೆ ತಕರಾರಿರಲಿಲ್ಲ, ಒಪ್ಪಿಕೊಂಡೆ. ಮಾರ್ಚ್? "ಬೆಳಗ್ಗೆ ಚೆನ್ನಾಗಿರತ್ತೆ." ಏಪ್ರಿಲ್? "ಎಲ್ಲಾ ಕಡೆನೂ ಸೆಕೆನೇ, ನಮಗೆ ಕಡಲ ಗಾಳಿನಾದ್ರೂ ಇದೆ." ಮೇ? ಭಾವನವರು ಅಡಿಕೆಯನ್ನು ಬಾಯಿಗೆ ಹಾಕಿಕೊಂಡು, ಯಾವ ಕಪಟವೂ ಇಲ್ಲದ ಮುಖದಿಂದ, "ಮೇನಲ್ಲಿ ನಾವು ಇಲ್ಲೇ ಇರ್ತೀವಲ್ಲ" ಎಂದರು.

ನಿಜ, ಇರುತ್ತಾರೆ. ಏಪ್ರಿಲ್ ಕೊನೆಗೆ ಅಕ್ಕ ಭಾವ ಇಬ್ಬರೂ ಬಂದರೆ ಶ್ರೀನಿವಾಸಪುರದ ಮಾವಿನ ಮೊದಲ ಬೆಳೆ ಮುಗಿಯುವವರೆಗೆ ನಮ್ಮಲ್ಲಿದ್ದು, ಬಾದಾಮಿ, ರಸಪುರಿಗಳ ಪೆಟ್ಟಿಗೆ ಕಟ್ಟಿಸಿಕೊಂಡು ಮರಳುವುದು ಎಷ್ಟೋ ವರ್ಷಗಳ ವಾಡಿಕೆ. ಆ ಹೊತ್ತಿಗೆ ಚೆನ್ನೈಯಲ್ಲಿ ಅಗ್ನಿ ನಕ್ಷತ್ರ ನಡೆಯುತ್ತಿರುತ್ತದೆ. ಮೇ ನಾಲ್ಕರ ಸುಮಾರಿಗೆ ತೊಡಗಿ ತಿಂಗಳ ಕೊನೆಯವರೆಗೆ, ಸೂರ್ಯ ಕೃತ್ತಿಕೆಯ ಆಸುಪಾಸಿನಲ್ಲಿರುವ ಆ ದಿನಗಳನ್ನು ತಮಿಳರ ಪಂಚಾಂಗ ಬೆಂಕಿಯ ಲೆಕ್ಕಕ್ಕೆ ಬರೆಯುತ್ತದೆ. ನಮ್ಮ ರೈತರು ಅದೇ ಭರಣಿ, ಕೃತ್ತಿಕೆ, ರೋಹಿಣಿಗಳನ್ನು ಮಳೆಯ ಲೆಕ್ಕಕ್ಕೆ ಬರೆದುಕೊಂಡು, ಸಂಜೆಯ ಗುಡುಗಿಗಾಗಿ ಕಾದು, ಒಂದು ಹದ ಬಿದ್ದರೆ ನೇಗಿಲು ಕಟ್ಟುತ್ತಾರೆ. ಭಾವನವರು ಬೆಂಕಿಯನ್ನು ಅಲ್ಲಿ ಬಿಟ್ಟು ಮಳೆಯನ್ನು ಇಲ್ಲಿ ಅನುಭವಿಸಿ, ಚೆನ್ನೈಯ ಖಾತೆಗೆ ಜಮೆ ಮಾಡುತ್ತ ಬಂದಿದ್ದಾರೆ. ಮೂವತ್ತೊಂದು ದಿನಗಳನ್ನು ನನ್ನ ಮನೆಯಲ್ಲಿ ಕಳೆದು ಲೆಕ್ಕದಿಂದಲೂ ಕಳೆದರೆ, ಯಾವ ಊರಿನ ವರ್ಷ ತಾನೆ ಹಿತವಾಗಿರುವುದಿಲ್ಲ?

ಜೂನ್ ತಿಂಗಳನ್ನು ನಾನೇ ನೋಡಿದ್ದೆನಾದ್ದರಿಂದ ಅವರು ತಾವಾಗಿಯೇ ದಾಟಿಸಿದರು. ಜುಲೈ, ಆಗಸ್ಟ್, ಸೆಪ್ಟೆಂಬರುಗಳಿಗೆ ಸಂಜೆ ಬೀಳುವ ಮಳೆಯ ಸಾಕ್ಷಿಯಿತ್ತು; ಹಾಗೆ ಬೀಳುವುದೂ ಉಂಟು. 2019ರಲ್ಲಿ ಊರಿನ ಜಲಾಶಯಗಳು ಬತ್ತಿ, ಜುಲೈ ತಿಂಗಳಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಹೋದದ್ದನ್ನು ನೆನಪಿಸಿದೆ. "ಅದು ನೀರಿನ ಸಮಸ್ಯೆ, ಹವಾದ್ದಲ್ಲ" ಎಂದರು. 2015ರ ಡಿಸೆಂಬರ್ ಮೊದಲ ದಿನಗಳಲ್ಲಿ ಅಡ್ಯಾರು ನದಿ ಉಕ್ಕಿ ಊರು ಮುಳುಗಿದ್ದನ್ನು ಎತ್ತಿದೆ. ಅವರ ಮನೆಯೊಳಗೆ ನೀರು ಬರಲಿಲ್ಲ, ಆದರೆ ಕರೆಂಟೂ ಹಾಲೂ ಬರಲಿಲ್ಲ. ದಾರಿ ತೆರೆದ ಕೂಡಲೇ ಹೊರಟುಬಂದು ಆ ಸಲ ಸಂಕ್ರಾಂತಿಯವರೆಗೆ ನಮ್ಮಲ್ಲೇ ಇದ್ದರು. "ಅದು ಚರಂಡಿ ಸಮಸ್ಯೆ" ಎಂದರು. 2016ರ ಡಿಸೆಂಬರಿನಲ್ಲಿ ವಾರ್ದಾ ಚಂಡಮಾರುತ ಅವರ ಬೀದಿಯ ಮರಗಳನ್ನೆಲ್ಲ ಮಲಗಿಸಿದ್ದು? "ಯಾವಾಗಲೋ ಒಂದ್ಸಲ." ಪ್ರವಾಹ ಚರಂಡಿಯದು, ಬರ ನೀರಿನದು, ಸೆಕೆ ಕಾಂಕ್ರೀಟಿನದು, ಬಿರುಗಾಳಿ ಯಾರದೂ ಅಲ್ಲ, ಇವೆಲ್ಲವನ್ನೂ ತೆಗೆದ ಮೇಲೆ ಉಳಿಯುವುದಕ್ಕೆ ಭಾವನವರು ಹವೆ ಎನ್ನುತ್ತಾರೆ. ಹಾಗೆ ಸೋಸಿ ತೆಗೆದದ್ದು ಹಿತವಾಗಿಯೇ ಇರುತ್ತದೆ.

ಹಿಂಗಾರಿನ ಮಾತು ಬಂದಾಗ ಮಾತ್ರ ನನ್ನ ದನಿ ತಗ್ಗಿತು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳೇ ಚೆನ್ನೈಗೆ ಅದರ ವರ್ಷದ ಮಳೆಯ ದೊಡ್ಡ ಪಾಲನ್ನು ಕೊಡುತ್ತವೆ. ಅವುಗಳ ಅಂಚು ಘಟ್ಟ ಹತ್ತಿ ಬಂದರೆ ನಮ್ಮ ಕೆರೆಗಳಿಗೂ ನೀರು. 2021ರ ನವೆಂಬರಿನಲ್ಲಿ ಚೆನ್ನೈಯ ಬೀದಿಗಳಲ್ಲಿ ದೋಣಿ ತೇಲುತ್ತಿದ್ದಾಗ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಎಷ್ಟೋ ವರ್ಷಗಳಿಂದ ಕೋಡಿ ಕಾಣದಿದ್ದ ಕೆರೆಗಳು ಕೋಡಿ ಬಿದ್ದವು. ನಮ್ಮ ಸೀಮೆಯಲ್ಲಿ ಹುಟ್ಟಿ ಚೆನ್ನೈಯ ದಕ್ಷಿಣಕ್ಕೆ ಕಡಲು ಸೇರುವ, ಹೆಸರಿನಲ್ಲಷ್ಟೇ ಹರಿಯುತ್ತಿದ್ದ ಪಾಲಾರಿನಲ್ಲಿಯೂ ನೀರು ಓಡಿತು. ಚೆನ್ನೈಗೆ ಕೆಂಪು ಎಚ್ಚರಿಕೆ ಎಂದು ಟಿವಿಯಲ್ಲಿ ಹೇಳಿದರೆ, ಬಾಯಲ್ಲಿ ‘ಅಯ್ಯೋ ಪಾಪ’ ಎನ್ನುತ್ತಲೇ ಅಂಗಳಕ್ಕೆ ಬಂದು ಮೂಡಣ ದಿಕ್ಕಿಗೆ ನೋಡುವವರು ನಾವು. ಇದನ್ನು ನಾನು ಭಾವನವರಿಗೆ ಹೇಳಲಿಲ್ಲ. ಅವರಿಗೆ ಗೊತ್ತಿದೆ, ಮುಳಬಾಗಿಲಿನ ತಮ್ಮ ಪಾಲಿನ ಹೊಲದ ಬದಿಯ ಕೆರೆ ತುಂಬಿದೆಯೇ ಎಂದು ಆ ವಾರ ಚೆನ್ನೈಯ ಕತ್ತಲೆಯಿಂದ ಫೋನು ಮಾಡಿ ಕೇಳಿದವರು ಅವರೇ.

ಡಿಸೆಂಬರು ಮುಗಿಯಿತು. ಲೆಕ್ಕ ಹಾಕಿದರೆ ಹಿತವೆಂದು ಖಚಿತವಾಗಿ ಉಳಿದದ್ದು ಎರಡೂವರೆ ತಿಂಗಳು. ಭಾವನವರ ಲೆಕ್ಕದಲ್ಲಿ ಹನ್ನೊಂದು. ಆಗ ಅವರು ತಾಂಬೂಲವನ್ನು ದವಡೆಗೆ ಸರಿಸಿ, "ಸರಿ, ಈಗ ನಿಮ್ಮ ಕೋಲಾರದ್ದು ಶುರು ಮಾಡಿ. ಜನವರಿಯಿಂದ" ಎಂದರು.

ಜನವರಿ ಅತ್ಯುತ್ತಮವೆಂದೆ. ಒಳಗಿನಿಂದ ನನ್ನ ಹೆಂಡತಿ, "ಭಾವ, ಬೆಳಗ್ಗೆ ಐದಕ್ಕೆ ಎದ್ದು ನಲ್ಲಿ ನೀರು ಮುಟ್ಟಿ ನೋಡೋಕೆ ಹೇಳಿ ಇವರಿಗೆ" ಎಂದಳು. ಫೆಬ್ರವರಿಯಲ್ಲಿ ಧೂಳು ಎಂದು ಅವಳ ಅಕ್ಕ ಸೇರಿಸಿದರು. ಮಾರ್ಚ್ ಒಣಬಿಸಿಲು, ಬೆವರು ಆರುತ್ತದೆ ಎಂದೆ. ಏಪ್ರಿಲ್ ಬಿಸಿಲಿಲ್ಲದಿದ್ದರೆ ನಿಮ್ಮ ಬಾದಾಮಿಗೆ ಆ ಸಿಹಿ ಎಲ್ಲಿಂದ ಬರಬೇಕು ಎಂದು ಕೇಳಿದೆ; ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಮೇ ತಿಂಗಳಿಗೆ ಅವರೇ ಸಾಕ್ಷಿ. ಜೂನ್ ತಿಂಗಳಿನಲ್ಲಿ ಮುಂಗಾರು ಬರುತ್ತದೆ ಎಂದೆ, "ಬರತ್ತಾ?" ಎಂದು ಒಳಗಿನಿಂದ ಪ್ರಶ್ನೆ ಬಂತು. ಜುಲೈ ಎನ್ನುವಷ್ಟರಲ್ಲಿ ಆಷಾಢದ ಗಾಳಿ ನನ್ನ ನೆನಪಿಗೆ ಬಂದು, ತಂತಿಯ ಮೇಲೆ ಒಣಹಾಕಿದ ಬಟ್ಟೆಗಳು ಮೂರು ಮನೆಯಾಚೆ ಸಿಗುವುದೂ, ಮಳೆಯ ಮೋಡಗಳೆಲ್ಲ ತಲೆಯ ಮೇಲೆ ಹಾದು ನಿಲ್ಲದೆ ಹೋಗುವುದೂ ನೆನಪಾಗಿ, ಅವರ ಬಸ್ಸಿಗೆ ಹೊತ್ತಾಗುತ್ತಿದೆಯೆಂದು ನಾನು ಎಚ್ಚರಿಸಿದೆ. ಭಾವನವರು ಚಪ್ಪಲಿ ಮೆಟ್ಟುತ್ತ, ಮಾವಿಗೆ ಬಂದಾಗ ಜುಲೈಯಿಂದ ಮುಂದುವರಿಸೋಣವೆಂದು ಹೇಳಿ ಹೋಗಿದ್ದಾರೆ.